ಮಂಗಳವಾರದ ನಡಾವಳಿ

ಮಂಗಳವಾರ ಕಡಲಿಗೆ ರಜೆ.
ಅಜ್ಜಂದಿರ ಕಾಲದ ಕಟ್ಟಳೆ. ಫಾಂಟಿ ದಂಡೆಯಿಂದ
ಅಂದು ಒಂದು ದೋಣಿಯೂ ನೀರಿಗಿಳಿಯುವಂತಿಲ್ಲ.
ಬಲೆ ಹೊಲಿಯಬಹುದು, ಹಳೆ ಜಗಳ ತೀರಿಸಬಹುದು,
ಶಾಲೆಯ ಬಾದಾಮಿ ಮರದಡಿ ಬೆಂಚು ಹಾಕಿ
ಪಾಲಕ-ಶಿಕ್ಷಕರ ಸಂಘ ಸೇರಬಹುದು.

ನಾನು ಅದರ ಕಾರ್ಯದರ್ಶಿ. ಕಸುಬಿನಿಂದ ದರ್ಜಿ.
ಸಮವಸ್ತ್ರದ ಅಳತೆ ಬರೆದೂ ಬರೆದೂ
ಅಕ್ಷರ ದುಂಡಗಿದೆ, ಅದೊಂದೇ ಅರ್ಹತೆ.
ಎಷ್ಟು ಜನ ಬಂದರು, ಎಷ್ಟು ಸೆಡಿ ಕೂಡಿತು,
ಸೋರುವ ಮೂರನೆಯ ತರಗತಿಗೆ ಎಷ್ಟು ತಗಡು ಬೇಕು,
ಇಷ್ಟು ಬರೆದರೆ ಮುಗಿಯಿತು.
ಮಾತಿನ ನಡುವೆ ಕವಿದ ಮೌನಕ್ಕೆ
ಪುಸ್ತಕದಲ್ಲಿ ಕಾಲಂ ಇಲ್ಲ.

ತಣ್ಣೀರು ಮೇಲೆದ್ದು ಬೂತಾಯಿ ದಂಡೆಗೆ ಬರುವ ತಿಂಗಳು
ಆರನೆಯ ತರಗತಿಯ ಹಾಜರಿ ಪುಸ್ತಕ
ಹಳೆ ಬಲೆಯ ಹಾಗೆ:
ದಾರಕ್ಕಿಂತ ತೂತೇ ಹೆಚ್ಚು.
ವೋಲ್ಟಾ ಕಡೆಯ ಎನ್ಯೊನಾಮ್ ಮೇಡಂ ಎದ್ದು ನಿಂತರು.
ಬೈಯಲಿಲ್ಲ, ಬೇಡಲಿಲ್ಲ,
ಬಾರದ ಹನ್ನೆರಡು ಹೆಸರು ಓದಿ ಕೂತರು.
ಒಂದೊಂದು ಹೆಸರಿಗೆ ಒಬ್ಬೊಬ್ಬ ಅಪ್ಪ
ತೊಡೆಯ ಮೇಲಿನ ಬಲೆಯಲ್ಲಿ
ಇಲ್ಲದ ಹರಕು ಹುಡುಕಿದ.

ಮೀನುಗಾರರ ಯಜಮಾನ ನಾನಾ ಎಸುಓನ್ ಗಂಟಲು ಸರಿಮಾಡಿದ:
‘ಬೂತಾಯಿ ಏನು ನಿಮ್ಮ ಗಂಟೆ ಕೇಳಿ ಬರುತ್ತದೆಯೇ?
ಬಂದಾಗ ಕೈ ಬೇಕು. ನಾನೆಷ್ಟು ಓದಿದೆ, ಮುಳುಗಿದೆನೇ?’
ಎಲ್ಲ ನಕ್ಕರು. ನಾನೂ ನಕ್ಕೆ.
‘ಚರ್ಚೆ ನಡೆಯಿತು’ ಎಂದು ಬರೆದೆ.

ಆಗ ಎದ್ದಳು ಅರಾಬಾ ಕ್ವಾನ್ಸಿಮಾ.
ಮೀನು ಹೊಗೆಗಿಟ್ಟು ಮಾರುವವಳು, ನಾಲ್ಕು ವರ್ಷ
ಹೆಬ್ಬೆಟ್ಟೊತ್ತಿ ಎದ್ದು ಹೋದವಳು, ತುಟಿ ಬಿಚ್ಚದವಳು.
‘ಹಿಡಿಯುವವರು ನೀವು. ಕೊಳ್ಳುವವರು ನಾವು.
ಶಾಲೆಯ ವೇಳೆ ಹುಡುಗರು ಎಳೆದ ಬಲೆಯ ಮೀನು
ನನ್ನ ಒಲೆಗೆ ಬೇಡ.’
ಅಷ್ಟೆ. ಕೂತಳು.
ಒಲೆಯ ಹೆಂಗಸರು ಅಲ್ಲೊಬ್ಬಳು ಇಲ್ಲೊಬ್ಬಳು ‘ಹೂಂ’ ಎಂದರು.
ಇಬ್ಬರು ಎನ್ನಲಿಲ್ಲ, ಎಣಿಸಿದ್ದೇನೆ.
‘ಸರ್ವಾನುಮತ’ ಬರೆಯಲು ಹೊರಟ ಪೆನ್ನು
‘ಸ’ದಲ್ಲೇ ನಿಂತಿತು.

ಗುರುವಾರ ಮೊದಲು ದಡ ಮುಟ್ಟಿದ್ದು
ಅವಳ ಗಂಡನದೇ ದೋಣಿ.
ಹಗ್ಗದ ತುದಿಯಲ್ಲಿ ಅವಳದೇ ಎಕೊ,
ಹನ್ನೊಂದು ವರ್ಷ, ಮೊಣಕಾಲುದ್ದ ನೊರೆಯಲ್ಲಿ.
ಬೆಳ್ಳಿ ಸುರಿದ ಹಾಗೆ ಮೀನು.
ಅರಾಬಾ ನೋಡಿದಳು. ತಲೆಯ ಮೇಲಿನ ಬೋಗುಣಿ ಇಳಿಸಿ
ಮರಳಿನ ಮೇಲೆ ಬೋರಲು ಹಾಕಿ
ಅದರ ಮೇಲೆ ಕೂತಳು.
ಇಡೀ ದಂಡೆ ನೋಡುತ್ತಿತ್ತು.
ಮಧ್ಯಾಹ್ನ ಪೇಟೆಯ ಐಸು ವ್ಯಾನಿನವನು
ಅರ್ಧ ಬೆಲೆಗೆ ಬಳಿದುಕೊಂಡು ಹೋದ.
ಉಳಿದದ್ದು ಹಕ್ಕಿಗೆ.

ಆ ರಾತ್ರಿ ಅವರ ಮನೆಯಲ್ಲಿ ಏನಾಯಿತೋ
ಅದು ನಡಾವಳಿಗೆ ಸೇರಿದ್ದಲ್ಲ.
ಮೂರು ದಿನ ಅವಳ ಒಲೆ ಹೊಗೆಯಾಡಲಿಲ್ಲ,
ಅದು ಮಾತ್ರ ನನ್ನ ಕಿಟಕಿಗೆ ಕಾಣುತ್ತದೆ.

ಮುಂದಿನ ಮಂಗಳವಾರ ಲೆಕ್ಕ ಮುಂದಿಟ್ಟೆ.
ಕೂಡಿಟ್ಟ ಹಣಕ್ಕೆ ತಗಡು ಬರಬೇಕಿತ್ತು,
ಹಗ್ಗ ಎಳೆಯಲು ಆಳು ಬಂದರು:
ಮೀನಿನ ತಿಂಗಳಿಗೆ ನಾಲ್ವರು, ಅರ್ಧ ಕೂಲಿ ಸಂಘದ್ದು,
ಅರ್ಧ ದೋಣಿಯವರದ್ದು.
ಮೂರನೆಯ ತರಗತಿ ಇನ್ನೂ ಸೋರುತ್ತದೆ.
ಆರನೆಯದರಲ್ಲಿ ಒಂಬತ್ತು ಹುಡುಗರು ಮರಳಿದ್ದಾರೆ.
ಮೂವರು ಇಲ್ಲ.

ನಾನಾ ಎಸುಓನ್ ತಡವಾಗಿ ಬಂದ,
ಹೆಗಲ ಮೇಲೆ ಹಳೆ ಎಂಜಿನ್ನಿನ ಕಬ್ಬಿಣದ ಚಕ್ರ.
ಧೊಪ್ಪೆಂದು ಇಳಿಸಿ ಹೇಳಿದ:
‘ತೂಗುಹಾಕಿ ಬಾರಿಸಿ.
ನಿಮ್ಮ ಗಂಟೆ ದಂಡೆಗೆ ಕೇಳಿಸದು.’
ನಗಲು ಹೊರಟವರು ಅವನ ಮುಖ ನೋಡಿ ಸುಮ್ಮನಾದರು.

ನಿನ್ನೆ ಎಕೊನ ಚಡ್ಡಿಗೆ ಅಳತೆ ತೆಗೆದೆ.
ಅಂಗೈಯ ಹಗ್ಗದ ಬರೆ ಒಣಗುತ್ತಿದೆ.
ಹೇಳದೆಯೇ ಅಂಚಿನಲ್ಲಿ ಮೂರು ಬೆರಳು
ಒಳಮಡಿಕೆ ಬಿಟ್ಟೆ.

ಪುಟದ ಕೊನೆಗೆ ಅವನ ತಾಯಿಯ ಹೆಬ್ಬೆಟ್ಟು.
ಉಪ್ಪಿಗೂ ಬೆಂಕಿಗೂ ಸವೆದ ಬೆರಳು,
ಗೆರೆಯೇ ಮೂಡುವುದಿಲ್ಲ, ಬರೀ ನೀಲಿ ಮಚ್ಚೆ.
ಯಾರದೆಂದು ಯಾರೂ ಕೇಳಿಲ್ಲ.
ಪುಸ್ತಕ ತೆರೆದರೆ
ಹೊಗೆ ವಾಸನೆ.